ತೊಟ್ಟು ನೋಡುವ ದಿನ

೨೩೧೧ನೇ ಇಸವಿ, ಹದಿಮೂರನೆಯ ತಿಂಗಳು, ಒಂಬತ್ತನೇ ತಾರೀಖು

ಸೈನ್ಯಕ್ಕೆ ಸಾಮಾನು ಕೊಳ್ಳುವ ರೀತಿಯನ್ನು ತಿದ್ದಲು ಕೂತಿರುವ ಹಿಂದಿನ ಕಾಲದ ಹಿರಿಯರಿಗೆ, ದಾಸ್ತಾನು ಕೋಠಿಯ ದ್ಯಾಮವ್ವ ಮಾಡುವ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಅಂದದ್ದಕ್ಕೆ ಗಾಬರಿಯಾಗಬೇಡಿ, ನಮ್ಮಲ್ಲಿ ಈಗ ಹಾಗೇ ಎಣಿಸುತ್ತಾರೆ. ನಾನು ಶಾಲೆಗೆ ಹೋದದ್ದು ಬಿಟ್ಟು ಬಿಟ್ಟು. ನಿಮಗೆ ತಿಳಿಯದ ಶಬ್ದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ನಿಮಗೆ ತಲುಪುತ್ತದೋ ಇಲ್ಲವೋ, ತಲುಪಿದರೂ ಓದುತ್ತೀರೋ ಇಲ್ಲವೋ, ನನಗೆ ಅದೂ ಒಂದು ಚಿಂತೆಯೇ.

ನಮ್ಮ ಕೋಠಿಯಿಂದ ಹಿಮದ ಠಾಣೆಗಳಿಗೆ ಬಟ್ಟೆಬರೆ ಹೋಗುತ್ತದೆ. ಬೆಳಗಾದರೆ ತೇಲುಬಂಡಿಗಳು, ಅಂದರೆ ಚಾಲಕರಿಲ್ಲದೆ ನೆಲದಿಂದ ಗೇಣು ಮೇಲೆ ಓಡುವ ಬಂಡಿಗಳು, ಅಂಗಳದಲ್ಲಿ ಬಂದು ನಿಲ್ಲುತ್ತವೆ. ನಾವು ಹೆಂಗಸರು ಮೂಟೆ ಹೇರುತ್ತೇವೆ, ಆಮೇಲೆ ನೆರಳಿಗೆ ಕೂತು ಒಣರೊಟ್ಟಿ ತಿನ್ನುತ್ತೇವೆ. ಮೊದಲು ಇಲ್ಲಿ ‘ತೊಟ್ಟು ನೋಡುವ ದಿನ’ ಅಂತ ಒಂದಿತ್ತು. ಕೈಗವಸು ಕೊಳ್ಳುವ ಮುಂಚೆ ಠಾಣೆಯ ಸಿಪಾಯಿಗಳು ಇಳಿದು ಬರಬೇಕು, ಅದನ್ನು ತೊಟ್ಟು ಮಂಜುಗಡ್ಡೆಯ ತೊಟ್ಟಿಯಲ್ಲಿ ಕೈಯಿಡಬೇಕು, ಆ ಕೈಯಿಂದಲೇ ಹಗ್ಗದ ಗಂಟು ಬಿಚ್ಚಬೇಕು. ಬಿಚ್ಚಲಾಗದಿದ್ದರೆ ಮಾಲು ವಾಪಸ್ಸು. ಬರಬರುತ್ತಾ ಅದೂ ಕೆಟ್ಟಿತು. ಗವಸು ಮಾರುವ ಮಾಲಿನವರು ಸಿಪಾಯಿಗಳಿಗೆ ಹೋಳಿಗೆ ಊಟ ಹಾಕಿಸುವರು, ಉಂಡವರು ಮಾಲು ಪಾಸಾಗಲೆಂದು ಸಡಿಲ ಗಂಟು ಕೇಳುವರು. “ಯಣ್ಣಾ, ಇನ್ನೊಂದು ಹೋಳಿಗಿ ಹಾಕ್ಲೇನು, ಗಂಟು ಇನ್ನೂ ಬಿಚ್ಚವಲ್ದು” ಅಂತ ನಾವೇ ಕಾಡಿಸಿ ನಗುತ್ತಿದ್ದೆವು.

ಆಗ ಸುಧಾರಣೆ ಬಂತು. ಅದಕ್ಕೆ ‘ಒಂದೇ ಬಾಗಿಲು’ ಅನ್ನುತ್ತೇವೆ: ಇಡೀ ಸೈನ್ಯಕ್ಕೆ ಒಬ್ಬರೇ ಮಾಲಿನವರು, ಹನ್ನೆರಡು ವರ್ಷದ ಕರಾರು, ಪರೀಕ್ಷೆಗೆ ಸಿಪಾಯಿಗಳ ಬದಲು ಒಂದು ಕಬ್ಬಿಣದ ಕೈ. ಲಂಚವಿಲ್ಲ, ತಡವಿಲ್ಲ. ನಾವೂ ಚಪ್ಪಾಳೆ ತಟ್ಟಿದೆವು. ಕಬ್ಬಿಣದ ಕೈ ಗವಸಿನ ಕಾವನ್ನು ಅಳೆಯಿತು, ಸರಿಯಾಗಿಯೇ ಅಳೆಯಿತು. ಗಂಟು ಬಿಚ್ಚಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನನ್ನ ತಮ್ಮ ಫಕೀರಪ್ಪ ಆ ಗವಸು ತೊಟ್ಟು ಠಾಣೆಗೆ ಹೋದ. ಹಿಮದ ಬಿರುಕಿಗೆ ಜಾರಿದ ಜೊತೆಗಾರನನ್ನು ಮೇಲೆಳೆದಾಗ, ಎದೆಗೆ ಹಗ್ಗ ಬಿಗಿದು ಅವನಿಗೆ ಉಸಿರುಗಟ್ಟಿತ್ತು, ಆದರೆ ಇವನಿಗೆ ಗಂಟು ಬಿಚ್ಚಲಾಗಲಿಲ್ಲ. ಗವಸು ಚಳಿಗೆ ಹಲಗೆಯಂತೆ ಸೆಟೆದಿತ್ತು. ಕಿತ್ತೆಸೆದು ಬರಿಗೈಯಲ್ಲಿ ಬಿಚ್ಚಿದ. ಜೊತೆಗಾರ ಉಳಿದ, ತಮ್ಮನ ಎರಡೂ ಕೈಯ ಬೆರಳು ಹೋದವು. ನಾನು ತುತ್ತು ಮಾಡಿ ಅವನ ಬಾಯಿಗಿಡುವಾಗ, “ಗವಸು ಬೆಚ್ಚಗಿತ್ತು ಬಿಡಕ್ಕಾ, ಅದರಾಗ ಸುಳ್ಳಿಲ್ಲ” ಅನ್ನುತ್ತಾನೆ. ದೂರು ಕೊಟ್ಟೆವು. ಗವಸು ಪರೀಕ್ಷೆಯಲ್ಲಿ ಪಾಸಾಗಿದೆ, ಕರಾರು ಮುಗಿಯುವತನಕ ಬೇರೆ ಕೊಳ್ಳುವಂತಿಲ್ಲ ಅಂದರು.

ಈಗ ಅವನ ಮಗಳು ಹೊನ್ನಿಗೆ ಅದೇ ಠಾಣೆಗೆ ಹುಕುಂ ಬಂದಿದೆ. ಅವಳ ಮೂಟೆಯಲ್ಲಿ ಅದೇ ಗವಸನ್ನು ನಾನೇ ಇಟ್ಟೆ. “ಸುಮ್ನಿರತ್ತಿ, ನಾ ಯಾಕ ತೆಗೀಲಿ ಗವಸು?” ಅನ್ನುತ್ತಾಳೆ. ತೆಗೆಯುತ್ತಾಳೆ. ಅವಳು ಆ ಅಪ್ಪನ ಮಗಳು.

ನಾನು ಬೇಡುವುದಿಷ್ಟೇ. ಹೋಳಿಗೆ ನಿಲ್ಲಿಸಿ, ಉಣಿಸಿದವರನ್ನೂ ಉಂಡವರನ್ನೂ ಹೊರಗಟ್ಟಿ. ತೊಡುವವರನ್ನು ಕರೆಯದೆ ಮಾತ್ರ ಏನನ್ನೂ ಕೊಳ್ಳಬೇಡಿ. ನೀವು ಈಗಲೇ ಹಾಗೆ ನಿಯಮ ಮಾಡಿದರೆ ನಮ್ಮ ಕಾಲದತನಕ ಉಳಿದೀತೇನೋ. ತಡ ಮಾಡಬೇಡಿ. ಹೊನ್ನಿ ನನ್ನೆದುರೇ ಕೂತು ಜಡೆ ಹೆಣೆದುಕೊಳ್ಳುತ್ತಿದ್ದಾಳೆ, ಹತ್ತೂ ಬೆರಳಿನಲ್ಲಿ.