ದೊರೆಯ ಕುದುರೆಯ ಮೇಲೆ ಒಂದು ಸುತ್ತು

೧೨ ಡಿಸೆಂಬರ್ ೧೯೫೩, ಚೆಟ್ಟಳ್ಳಿ

ಲಗಾಮು ಹಿಡಿದ ಕೈಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ, ತಪ್ಪೂ ಇರಬಹುದು, ಕ್ಷಮೆಯಿರಲಿ.

ಕಾಫಿ ತೋಟದ ದೊರೆ ಜೀಪು ಕೊಂಡ ಮೇಲೆ ಅವರ ಕುದುರೆ ಹತ್ತುವವರಿಲ್ಲ. ಅದು ನಡಿಗೆ ಮರೆಯಬಾರದೆಂದು ಲಾಯದ ಕುಟ್ಟಪ್ಪಣ್ಣ, ಒಂದು ಹೊರೆ ಹುಲ್ಲು ತಂದ ಕೂಲಿ ಲೈನಿನ ಮಕ್ಕಳನ್ನು ಒಂದು ಸುತ್ತು ಕೂರಿಸುತ್ತಾನೆ. ಇವತ್ತು ನನ್ನ ಸರದಿ.

"ಎಳೀಬೇಡ ಮಾರಾಯ್ತಿ, ದಾರಿ ಅದಕ್ಕೆ ಗೊತ್ತು" ಎಂದ.

ಕುದುರೆ ದೊರೆಯ ಹಳೇ ದಾರಿಯನ್ನೇ ಹಿಡಿದು, ಕಾಫಿ ಕೊಯ್ಯುವವರ ಮುಂದೆ ತಾನಾಗಿ ನಿಂತಿತು. ಎಲೆಅಡಿಕೆ ಹಾಕುತ್ತ ಕೂತಿದ್ದವರೆಲ್ಲ ದೊರೆ ಬಂದರೆಂದು ಎದ್ದರು. ಅವ್ವನೂ ಎದ್ದಳು.

"ಇಳ್ದು ಬುಟ್ಟಿ ಹಿಡಿ, ದೊರೆಸಾನಿ" ಎಂದಳು. ಎಲ್ಲರೂ ನಕ್ಕರು.

ಆ ಕುದುರೆ ಇನ್ನೂ ಎಲ್ಲೆಲ್ಲಿ ನಿಲ್ಲುತ್ತದೋ ನೋಡಬೇಕು. ಅವ್ವ ಮತ್ತೆ ಹತ್ತಲು ಬಿಡುತ್ತಾಳೋ ಇಲ್ಲವೋ. ಆದರೆ ಬೆಳಿಗ್ಗೆ ನಾನು ಸಡಿಲ ಕಟ್ಟಿದ್ದ ಹುಲ್ಲಿನ ಹೊರೆಯನ್ನು ಬಿಚ್ಚಿ, ಬಿಗಿದು, ನನ್ನ ತಲೆಗೆ ಹೊರಿಸಿದ್ದು ಅವಳೇ.