ಮಿಫ್ಸುದ್ ಆಡದ ನೂರನೇ ಪಂದ್ಯ

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಆಟಗಾರರ ಪಟ್ಟಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಕಳೆದ ಬುಧವಾರ, ಆಟಗಾರರ ವಿನಿಮಯದ ಅವಧಿ ಮುಗಿಯಲು ಇನ್ನೊಂದು ಗಂಟೆಯಿದೆ ಎನ್ನುವಾಗ, ನೀವು ಡೇನ್ ಮಿಫ್ಸುದ್‌ನನ್ನು ಪರ್ತ್‌ನ ಕ್ಲಬ್ಬಿಗೆ ಕೊಟ್ಟುಬಿಟ್ಟಿರಿ. ಆಮೇಲೆ ನೀವು ಹೊರಡಿಸಿದ ಪ್ರಕಟಣೆಯಲ್ಲಿ ಆರು ಸಾಲುಗಳಿವೆ. ಮೂರನೆಯ ಸಾಲು ಹೀಗಿದೆ: "ಯುವಕರಿಗೆ ಅವಕಾಶ ನೀಡಬೇಕೆಂಬ ನಮ್ಮ ನಿಷ್ಠಾವಂತ ಸದಸ್ಯರ ಅಭಿಪ್ರಾಯಕ್ಕೆ ಮನ್ನಣೆ ನೀಡಿ ಈ ನಿರ್ಧಾರ ಕೈಗೊಳ್ಳಲಾಗಿದೆ." ಆ ನಿಷ್ಠಾವಂತ ಸದಸ್ಯೆ ನಾನು. ನಲವತ್ತೆಂಟು ವರ್ಷಗಳಲ್ಲಿ ನಿಮ್ಮ ಕಚೇರಿ ನನ್ನ ಮಾತಿಗೆ ಮನ್ನಣೆ ಕೊಟ್ಟದ್ದು ಇದೊಂದೇ ಸಲ. ಉತ್ತರದ ಸ್ಟ್ಯಾಂಡಿನ ಹೆಂಗಸರ ಶೌಚಾಲಯಕ್ಕೆ ಚಿಲಕ ಹಾಕಿಸಿ ಎಂದು ಏಳು ಪತ್ರ ಬರೆದಿದ್ದೇನೆ. ಈಗಲೂ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲು ಹಿಡಿದುಕೊಂಡು ನಿಲ್ಲಬೇಕು. ಮಿಫ್ಸುದ್‌ನನ್ನು ತಂಡದಿಂದ ಹೊರಗೆ ಕೂರಿಸಿ ಎಂದು ಆಗಸ್ಟ್‌ನಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟೆ, ಮೂರು ದಿನದಲ್ಲಿ ಕೆಲಸ ಮುಗಿಯಿತು. ಇಷ್ಟು ಚುರುಕು ನಿಮ್ಮಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ನಿಮ್ಮ ವ್ಯಾಪಾರದ ಜಾಣತನವನ್ನೂ ಸ್ವಲ್ಪ ಹೊಗಳಬೇಕು. ನಿಮಗೆ ಬೇಕಿದ್ದವನು ಗೋಲು ಹೊಡೆಯುವ ಪರ್ತ್‌ನವರ ಆ ಎತ್ತರದ ಹುಡುಗ. ಅವರಿಗೆ ಬೇಕಿದ್ದದ್ದು ಹೊಸಬರ ಆಯ್ಕೆಯಲ್ಲಿ ನಮ್ಮ ಎರಡನೇ ಸುತ್ತಿನ ಸರದಿ. ತಕ್ಕಡಿ ಸಮವಾಗಲಿಲ್ಲ. ಆಗ ಮಿಫ್ಸುದ್‌ನನ್ನು ಎತ್ತಿ ಅವರ ತಟ್ಟೆಗೆ ಹಾಕಿದಿರಿ. ಹೀಗೆ ಹೋಗುವವರನ್ನು ನಮ್ಮ ಜನ 'ಚಾಕು ಸೆಟ್ಟು' ಅನ್ನುತ್ತಾರೆ. ಟೀವಿಯಲ್ಲಿ ಬಾಣಲೆ ಮಾರುವವನು ಕೊನೆಗೆ ಇದನ್ನೂ ಉಚಿತವಾಗಿ ಕೊಡುತ್ತೇನೆ ಎನ್ನುತ್ತಾನಲ್ಲ, ಆ ಚಾಕುಗಳು. ಸೊಪ್ಪಿನ ಮೇಲೆ ಹಾಕುವ ಕೊಸರು. ಎಂಟು ವರ್ಷ ನಮ್ಮ ಕಂದು ಬಿಳಿ ಅಂಗಿ ತೊಟ್ಟವನು, ಎರಡು ಸಲ ಭುಜದ ಕೀಲು ತಪ್ಪಿಸಿಕೊಂಡವನು, ದವಡೆ ಮುರಿದ ವರ್ಷ ಮೂರು ತಿಂಗಳು ಸೂಪು ಕುಡಿದು ಬದುಕಿದವನು ಕೊಸರೇ? ನಿಮ್ಮ ಮನೆಯಲ್ಲಿ ಕೊಸರು ಎಂದರೆ ಏನರ್ಥ, ದಯವಿಟ್ಟು ತಿಳಿಸಿ.

ಅವನು ದೊಡ್ಡ ಆಟಗಾರ ಎಂದು ನಾನು ಹೇಳುತ್ತಿಲ್ಲ. ಅವನ ಅಂಗಿಯ ನಂಬರು ಮೂವತ್ತೇಳು. ಆ ನಂಬರಿನ ಅಂಗಿಯನ್ನು ಮಕ್ಕಳಿಗೆಂದು ಯಾರೂ ಕೊಳ್ಳುವುದಿಲ್ಲ. ನಮ್ಮ ಗೋಲಿನ ಪಕ್ಕದ ಮೂಲೆ ಕಾಯುವುದು ಅವನ ಕೆಲಸ; ಎದುರಾಳಿಯ ಪುಟ್ಟ ಚುರುಕು ಆಟಗಾರನಿಗೆ ಎರಡು ಗಂಟೆ ಅಂಟಿಕೊಂಡಿರುವುದು, ಅವನ ಬಯ್ಗುಳ ಕೇಳುವುದು, ಚೆಂಡು ಬಂದರೆ, ನಮ್ಮ ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿ ಕೈಗೂ ಕೆಲಸವಿದೆಯಲ್ಲ, ಮುಷ್ಟಿಯಿಂದ ಗುದ್ದಿ ಹೊರಗೆ ಹಾಕುವುದು. ಅವನು ಚೆನ್ನಾಗಿ ಆಡಿದ ದಿನ ಪತ್ರಿಕೆಯಲ್ಲಿ ಅವನ ಹೆಸರೇ ಇರುವುದಿಲ್ಲ.

ನನ್ನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ನಮ್ಮ ಕ್ಲಬ್ಬಿನ ಪ್ರತಿಯೊಬ್ಬ ಆಟಗಾರ ಎಷ್ಟು ಪಂದ್ಯ ಆಡಿದ ಎಂದು ನನ್ನ ಗಂಡ ಲೆಸ್ ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅವನು ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ನಾನು ಬರೆಯುತ್ತಿದ್ದೇನೆ. ಲೀಗಿನ ಪಂದ್ಯಗಳು ಮುಂದಿನ ಪುಟಗಳಲ್ಲಿ, ಇಂಕಿನಲ್ಲಿ. ಮಾರ್ಚ್ ತಿಂಗಳ ಅಭ್ಯಾಸ ಪಂದ್ಯಗಳು ಹಿಂದಿನ ಪುಟಗಳಲ್ಲಿ, ಪೆನ್ಸಿಲ್ಲಿನಲ್ಲಿ, ಅವು ಲೆಕ್ಕಕ್ಕಿಲ್ಲ. ಇದು ಲೆಸ್ ಮಾಡಿದ ಕಟ್ಟಳೆ. ಸ್ಟ್ಯಾಂಡಿನ ನಮ್ಮ ಸಾಲಿನಲ್ಲಿ ಯಾರಿಗೆ ಎಷ್ಟಾಯಿತು ಎಂಬ ಜಗಳ ಬಂದರೆ "ನೊರೀನ್ ಪುಸ್ತಕ ಏನನ್ನುತ್ತೆ?" ಎಂದು ಕೇಳುತ್ತಾರೆ, ಅಲ್ಲಿಗೆ ಜಗಳ ಮುಗಿಯುತ್ತದೆ. ಈ ವಿಷಯದಲ್ಲಿ ನನಗೆ ಜಂಬ ಇತ್ತು, ಒಪ್ಪಿಕೊಳ್ಳುತ್ತೇನೆ.

ನೂರು ಎಂಬ ಸಂಖ್ಯೆ ನಮ್ಮ ಆಟದಲ್ಲಿ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದೇ ಕ್ಲಬ್ಬಿಗೆ ನೂರು ಪಂದ್ಯ ಆಡಿದವನ ಮಗನನ್ನು, ಅವನು ಬೆಳೆದು ಆಟಗಾರನಾದರೆ, ಆ ಕ್ಲಬ್ಬು ಬೇರೆಯವರಿಗಿಂತ ಮೊದಲು ತನ್ನವನೆಂದು ಕರೆದುಕೊಳ್ಳಬಹುದು. ತೊಂಬತ್ತೊಂಬತ್ತಕ್ಕೆ ಆ ಹಕ್ಕು ಇಲ್ಲ. ಮಿಫ್ಸುದ್‌ಗೆ ಜೂನ್‌ನಲ್ಲಿ ಗಂಡುಮಗು ಹುಟ್ಟಿತು.

ಆಗಸ್ಟ್‌ನಲ್ಲಿ ನಾವು ಹದಿನೆಂಟು ತಂಡಗಳಲ್ಲಿ ಹದಿನೈದನೆಯವರಾಗಿದ್ದೆವು. ನಿಮ್ಮ ಕೋಚಿನ ಮೂರು ವರ್ಷದ ಯೋಜನೆಗೆ ಅದು ಐದನೇ ವರ್ಷ. ನಮ್ಮ ಸಾಲಿನಲ್ಲಿ ಜಗಳ ಜೋರಾಗಿತ್ತು. ನನ್ನ ಎಡಕ್ಕೆ ಕೂರುವ ಕ್ಲೈವ್, ಮಾಂಸದಂಗಡಿ ಮುಚ್ಚಿ ಮನೆಯಲ್ಲಿರುವವನು, ಮಿಫ್ಸುದ್ ಜಾಗಕ್ಕೆ ಹದಿನೆಂಟರ ಹುಡುಗ ಪೈಕ್‌ನನ್ನು ಇಳಿಸಬೇಕು ಎಂದು ಹಠ ಹಿಡಿದಿದ್ದ.

"ನೋಡ್ ನೊರೀನ್, ಹದಿನೈದನೇ ಸ್ಥಾನದಲ್ಲಿದ್ದೀವಿ. ಇನ್ನೂ ಈ ಮುದುಕರನ್ನೇ ಆಡಿಸ್ಕೊಂಡು ಕೂತ್ರೆ ಏನಾಗುತ್ತೆ? ಹದಿನಾಲ್ಕಕ್ಕೆ ಏರ್ತೀವಾ?"

"ಮುದುಕನಾ? ಇಪ್ಪತ್ತೊಂಬತ್ತು ಕಣಯ್ಯ ಮಿಫ್‌ಗೆ," ಎಂದಳು ಬಲಕ್ಕೆ ಕೂರುವ ಸೌಲಾ. "ಮೊದಲು ನಿನ್ನ ಮಂಡಿ ನೋಡ್ಕೋ. ಮೆಟ್ಟಿಲು ಹತ್ತೋವಾಗ ನಂಗೇ ಕೇಳ್ಸುತ್ತೆ ಅದರ ಸದ್ದು."

"ನನ್ನ ಮಂಡೀನ ಯಾರೂ ಸಂಬಳ ಕೊಟ್ಟು ಇಟ್ಕೊಂಡಿಲ್ಲ ತಾಯಿ. ಪೈಕ್‌ನ ಯಾವಾಗ ನೋಡೋದು ನಾವು? ಕೋಚ್‌ಗೆ ಧೈರ್ಯ ಇಲ್ಲ ಅಷ್ಟೇ. ಸೋತ್ರೂ ಪರವಾಗಿಲ್ಲ, ಹುಡುಗ್ರ ಜೊತೆ ಸೋಲ್ಲಿ."

"ಸೋಲೋದನ್ನೂ ನೀನೇ ಹೇಳಿಕೊಡ್ಬೇಕಾ ಅವರಿಗೆ? ಅದೊಂದು ಚೆನ್ನಾಗಿ ಬರುತ್ತೆ."

ನಾನು ಕ್ಲೈವ್‌ನ ಕಡೆ ವಾಲಿದೆ. ಒಂದೇ ಷರತ್ತು ಹಾಕಿದೆ: ಮಿಫ್‌ಗೆ ನೂರಾಗಲಿ, ಆಮೇಲೆ ಪೈಕ್ ಬರಲಿ. ಕ್ಲೈವ್ ಕೂಡ ಅದಕ್ಕೆ ತಲೆಯಾಡಿಸಿದ.

ಕೊನೆಯ ಸುತ್ತಿಗೆ ಒಂದು ವಾರ ಮುಂಚೆ ತಂಡ ಬ್ರಿಸ್ಬೇನ್‌ನಲ್ಲಿ ಆಡಿತು. ಟೀವಿಯಲ್ಲಿ ಪಂದ್ಯ ನೋಡಿ, ಪುಸ್ತಕ ತೆಗೆದು, ಮಿಫ್ಸುದ್ ಹೆಸರಿನ ಮುಂದೆ ನೂರು ಎಂದು ಬರೆದೆ. ಆದರೆ ಟೀವಿಯವರು ನೂರರ ಸುದ್ದಿಯೇ ಎತ್ತಲಿಲ್ಲ. ಪಂದ್ಯ ಮುಗಿದ ಮೇಲೆ ಗೆಳೆಯರು ಅವನನ್ನು ಹೆಗಲ ಮೇಲೆ ಹೊರಲೂ ಇಲ್ಲ. ನನ್ನ ರಕ್ತ ಕುದಿಯಿತು. ಅಂದೇ ಪತ್ರ ಬರೆದು ನಿಮ್ಮ ಕಚೇರಿಯ ಬಾಗಿಲ ಪೆಟ್ಟಿಗೆಗೆ ಹಾಕಿಬಂದೆ: ಎಂಟು ವರ್ಷ ದುಡಿದವನ ನೂರನೇ ಪಂದ್ಯವನ್ನು ಮರೆತಿರಲ್ಲ, ನಾಚಿಕೆಯಾಗುವುದಿಲ್ಲವೇ? ಮಂಗಳವಾರ ಉತ್ತರ ಬಂತು. "ನಿಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದಗಳು. ಅದನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ." ಸಂಬಂಧಪಟ್ಟವರು ಎಂದರೆ ನೀವು. "ಅಮ್ಮಾ, ನಿಮ್ಮ ಲೆಕ್ಕ ತಪ್ಪಾಗಿದೆ, ಅವನಿಗೆ ತೊಂಬತ್ತೊಂಬತ್ತು" ಎಂದು ಬರೆಯಲು ಎಷ್ಟು ಶಾಯಿ ಬೇಕಿತ್ತು?

ತಪ್ಪು ಹೇಗಾಯಿತೆಂದು ಈಗ ಗೊತ್ತು. ಮೂರು ವರ್ಷದ ಹಿಂದೆ, ಮಾರ್ಚ್‌ನಲ್ಲಿ, ಬ್ಯಾಲರಟ್‌ನ ಒಂದು ಅಭ್ಯಾಸ ಪಂದ್ಯಕ್ಕೆ ನಾನು ರೈಲಿನಲ್ಲಿ ಹೋಗಿದ್ದೆ. ಅಂದು ಮಿಫ್ಸುದ್ ಹೇಗೋ ತನ್ನ ಮೂಲೆ ಬಿಟ್ಟು ಮುಂದೆ ಓಡಿದ, ಮೈದಾನದ ಗೆರೆಯ ಅಂಚಿನಿಂದ ಒದ್ದ, ಚೆಂಡು ಕಂಬಗಳ ನಡುವೆ ತೂರಿತು. ಮೂಲೆ ಕಾಯುವವನು ಗೋಲು ಹೊಡೆದ! ಅವನೇ ನಂಬಲಾರದೆ ಹಿಂದೆ ತಿರುಗಿ ನೋಡಿದ. ನಾನು ಅಪರಿಚಿತ ಹೆಂಗಸೊಬ್ಬಳನ್ನು ತಬ್ಬಿಕೊಂಡು ಕುಣಿದೆ. ಆ ಖುಷಿಯಲ್ಲಿ ಮನೆಗೆ ಬಂದವಳು ಆ ಪಂದ್ಯವನ್ನು ಮುಂದಿನ ಪುಟದಲ್ಲಿ, ಇಂಕಿನಲ್ಲಿ ಬರೆದುಬಿಟ್ಟೆ. ಲೆಸ್ ಇದ್ದಿದ್ದರೆ ಬೈಯುತ್ತಿದ್ದ. ಅವನಿಲ್ಲವಲ್ಲ.

ಬ್ರಿಸ್ಬೇನ್ ಪಂದ್ಯದ ಮರುದಿನ, ಸೋಮವಾರ ಬೆಳಿಗ್ಗೆ, ನಾನು ಫುಟ್‌ಬಾಲ್ ಚರ್ಚೆಯ ರೇಡಿಯೋಗೆ ಫೋನ್ ಮಾಡಿದೆ.

"ಆಲ್ಟೋನಾದಿಂದ ನೊರೀನ್ ಇದ್ದಾರೆ. ಹೇಳಿ ನೊರೀನ್, ಯಾರನ್ನ ತೆಗೀಬೇಕು? ಕೋಚ್‌ನ ಬಿಟ್ಟು ಹೇಳಿ, ಅವರನ್ನ ಬೆಳಿಗ್ಗೆಯಿಂದ ಒಂಬತ್ತು ಜನ ತೆಗೆದಾಯ್ತು."

"ಮಿಫ್ಸುದ್‌ನ ಕೂರಿಸ್ಲಿ. ಬೇಜಾರಿಂದ ಹೇಳ್ತಿಲ್ಲಪ್ಪ. ಅವನಿಗೆ ನೂರಾಯ್ತು, ಬೆನ್ನು ತಟ್ಟಿ ಥ್ಯಾಂಕ್ಸ್ ಹೇಳ್ಲಿ, ಕೊನೇ ಪಂದ್ಯಕ್ಕೆ ಪೈಕ್‌ನ ಇಳಿಸ್ಲಿ. ಮಿಫ್ ಕೆಲ್ಸ ಮುಗೀತು."

ಬುಧವಾರ ಸ್ಪಂಜ್ ಕೇಕ್ ಮಾಡಿ, ಮೇಲೆ ಬಣ್ಣದ ಮಿಠಾಯಿಯಲ್ಲಿ ನೂರು ಎಂದು ಬರೆದು, ಅಭ್ಯಾಸದ ಮೈದಾನಕ್ಕೆ ಒಯ್ದೆ. ಬೇಲಿಯ ಹತ್ತಿರ ಮಿಫ್ಸುದ್, ಅವನ ಹೆಂಡತಿ ಷಾಂಟೆಲ್, ತಳ್ಳುಗಾಡಿಯಲ್ಲಿ ಮಗು. ಕೇಕ್ ನೋಡಿ ಷಾಂಟೆಲ್ ಏನೋ ಹೇಳಲು ಬಾಯಿ ತೆರೆದಳು. ಅವನು ಅವಳ ಮೊಣಕೈ ಮುಟ್ಟಿದ. "ಥ್ಯಾಂಕ್ಸ್ ನೊರೀನಮ್ಮಾ, ನಮ್ಮ ಕ್ಲಬ್ಬಿಗೆ ನೆನಪಿಲ್ದಿದ್ರೂ ನಿಮಗೆ ನೆನಪಿದೆ ನೋಡಿ," ಎಂದು ನಕ್ಕ. ನಾನು ಹೆಮ್ಮೆಯಿಂದ ಮನೆಗೆ ಬಂದೆ.

ಗುರುವಾರ ನೀವು ತಂಡ ಪ್ರಕಟಿಸಿದಿರಿ. ಒಳಗೆ ಪೈಕ್, ಹೊರಗೆ ಮಿಫ್ಸುದ್. ಭಾನುವಾರ ಪೈಕ್ ನಾಲ್ಕು ಸಲ ಚೆಂಡು ಮುಟ್ಟಿದ. ನಾಲ್ಕು ಸಲವೂ ನಾನು ಎದ್ದು ನಿಂತು ಕೂಗಿದೆ. ಮಿಫ್ಸುದ್ ಎಲ್ಲಿ ಕೂತಿದ್ದಾನೆಂದು ತಿರುಗಿಯೂ ನೋಡಲಿಲ್ಲ.

ಕಳೆದ ಬುಧವಾರ ಅವನನ್ನು ಪರ್ತ್‌ಗೆ ಕೊಟ್ಟ ನಿಮ್ಮ ಪ್ರಕಟಣೆ ಬಂದಾಗ ನಾನು ವಾರಕ್ಕೆರಡು ದಿನ ಕೆಲಸ ಮಾಡುವ ಧರ್ಮಾರ್ಥದ ಹಳೆ ಬಟ್ಟೆ ಅಂಗಡಿಯಲ್ಲಿದ್ದೆ. ಕ್ಲೈವ್ ಫೋನ್ ಮಾಡಿದ. "ನೊರೀನ್, ತೊಂಬತ್ತೊಂಬತ್ತು ಪಂದ್ಯ ಆಡಿದ ಅಂತ ಹಾಕಿದ್ದಾರೆ. ಅವರಿಗೆ ಎಣಿಸೋಕೂ ಬರಲ್ವಾ?" ನಾನೂ ಹಾಗೇ ಅಂದುಕೊಂಡೆ. ಮನೆಗೆ ಬಂದು ಪುಸ್ತಕ ಬಿಚ್ಚಿ, ನಿಮ್ಮ ತಪ್ಪು ಹುಡುಕಲು ಕೂತೆ. ಬೆರಳಿಟ್ಟು ಒಂದೊಂದೇ ಪಂದ್ಯ ಎಣಿಸುತ್ತಾ ಬಂದಾಗ ಬ್ಯಾಲರಟ್ ಸಿಕ್ಕಿತು. ಅಡುಗೆಮನೆಯ ಮೇಜಿನ ಮುಂದೆ ಕೂತು ಅತ್ತೆ. ಎಪ್ಪತ್ತೊಂದು ವರ್ಷದವಳು ಫುಟ್‌ಬಾಲಿಗಾಗಿ ಅಳುವುದು ನಿಮಗೆ ನಗೆಪಾಟಲು ಅನ್ನಿಸಬಹುದು. ನಕ್ಕುಬಿಡಿ, ಅಡ್ಡಿಯಿಲ್ಲ.

ನಿನ್ನೆ ಮಿಫ್ಸುದ್ ಅಂಗಡಿಗೆ ಬಂದ. ಮನೆ ಖಾಲಿ ಮಾಡುತ್ತಿದ್ದಾನೆ. ಎರಡು ಚೀಲ ತುಂಬ ಉಣ್ಣೆಯ ಕೋಟು ತಂದಿದ್ದ, ಪರ್ತ್‌ನಲ್ಲಿ ಬೇಕಾಗುವುದಿಲ್ಲವಂತೆ. ನಾನು ಗಲ್ಲಾದ ಹಿಂದಿನಿಂದ ಹೊರಗೆ ಬಂದು ಎಲ್ಲವನ್ನೂ ಹೇಳಿದೆ. ಬ್ಯಾಲರಟ್, ಇಂಕು, ರೇಡಿಯೋ, ಒಂದನ್ನೂ ಬಿಡದೆ.

"ಕೇಕ್ ಕೊಟ್ಟಾಗ ಯಾಕಪ್ಪ ಹೇಳ್ಲಿಲ್ಲ?" ಎಂದೆ.

"ನೀವು ಅಷ್ಟು ಖುಷಿಯಾಗಿದ್ರಿ. ನಾಲ್ಕು ದಿನ ಕಳೆದ್ರೆ ಹೇಗಿದ್ರೂ ನೂರಾಗುತ್ತೆ ಅಂದ್ಕೊಂಡೆ. ನಾಲ್ಕು ದಿನ ಮುಂಚೆ ತಿಂದ್ರೆ ಕೇಕ್ ಏನ್ ಹಾಳಾಗುತ್ತಾ?"

"ರೇಡಿಯೋದಲ್ಲಿ ನಾನಂದಿದ್ದು..."

"ಗೊತ್ತು ನೊರೀನಮ್ಮಾ. ಆಫೀಸಲ್ಲಿ ಕೇಳ್ಸಿದ್ರು." ಅವನು ಚೀಲದಿಂದ ಕೋಟುಗಳನ್ನು ತೆಗೆದು ಒಂದೊಂದಾಗಿ ಮಡಿಸತೊಡಗಿದ. "ಸೆಪ್ಟೆಂಬರ್‌ನಲ್ಲಿ ಪಟ್ಟಿ ಮುಖ್ಯಸ್ಥರು ಕರೆಸಿದ್ರಲ್ಲ, ಆಗ. ಇನ್ನೊಂದು ವರ್ಷ ಕೊಡಿ, ಒಂದೇ ಒಂದು ಪಂದ್ಯ ಬೇಕು ನಂಗೆ, ಮಗನಿಗೋಸ್ಕರ ಅಂತ ಕೇಳ್ದೆ. ಅವ್ರು ಫೋನ್ ತೆಗೆದು ಮೇಜಿನ ಮೇಲಿಟ್ಟು ರೇಡಿಯೋದ ನಿಮ್ಮ ಮಾತು ಹಾಕಿದ್ರು. 'ನೋಡಪ್ಪ, ನಿನ್ನನ್ನ ಇಷ್ಟಪಡೋ ಜನಾನೇ ಹೀಗಂತಾರೆ' ಅಂದ್ರು. ದನಿ ಯಾರದ್ದು ಅಂತ ನಂಗೆ ಗೊತ್ತಾಯ್ತು. ಗೊತ್ತಿಲ್ದೋನ ಹಾಗೆ ಕೂತಿದ್ದೆ."

ಮಾನ್ಯರೇ, ಈ ಪತ್ರ ಬರೆಯಲು ಕಾರಣ ಇದು. ನನ್ನ ದನಿ ನಿಮ್ಮ ಫೋನಿನಲ್ಲಿತ್ತು. ಅದರಲ್ಲಿ ಎರಡು ಮಾತುಗಳಿದ್ದವು: ಅವನಿಗೆ ನೂರಾಯಿತು, ಇನ್ನು ಕೂರಿಸಿ. ಮೊದಲನೆಯದು ಸುಳ್ಳೆಂದು ನಿಮಗೆ ಗೊತ್ತಿತ್ತು. ಅದು ಸುಳ್ಳಾದರೆ ಎರಡನೆಯದನ್ನು ನಾನು ಸತ್ತರೂ ಹೇಳುತ್ತಿರಲಿಲ್ಲ ಎಂದೂ ಗೊತ್ತಿತ್ತು. ನನ್ನ ಪತ್ರ ನಿಮ್ಮ ಮೇಜಿನ ಮೇಲೇ ಇತ್ತು. ಆದರೂ ಒಂದು ಪಂದ್ಯ ಬೇಡುತ್ತಿದ್ದವನ ಮುಂದೆ ನನ್ನ ದನಿ ಹಾಕಿದಿರಿ. ಅವನನ್ನು ಬೇಡವೆನ್ನುವ ಅಧಿಕಾರ ನಿಮಗಿತ್ತು. ನಿಮ್ಮ ಬಾಯಿಂದಲೇ ಹೇಳಬಹುದಿತ್ತು. ಅದಕ್ಕೆ ಒಬ್ಬ ಮುದುಕಿಯ ಬಾಯಿ ಬೇಕಾಯಿತೇ?

ಅವನನ್ನು ವಾಪಸು ತನ್ನಿ ಎಂದು ಕೇಳುವುದಿಲ್ಲ; ಸಹಿಗಳೆಲ್ಲ ಆಗಿವೆ. ಮಿಫ್ಸುದ್ ಭಾನುವಾರ ಮಧ್ಯಾಹ್ನದ ವಿಮಾನಕ್ಕೆ ಹೊರಡುತ್ತಾನೆ. ಅಷ್ಟರೊಳಗೆ ಅವನ ಮನೆಗೆ ಹೋಗಿ. ಫೋನ್ ಸಾಲದು, ಪ್ರಕಟಣೆ ಬೇಡ, ಮಾಧ್ಯಮ ವಿಭಾಗದ ಹುಡುಗಿಯನ್ನು ಕಳಿಸಬೇಡಿ. ಅವನೆದುರು ಕೂತು, "ನಿನಗೆ ತೊಂಬತ್ತೊಂಬತ್ತು ಎಂದು ನನಗೆ ಗೊತ್ತಿತ್ತು, ಆ ಹೆಂಗಸಿಗೆ ಗೊತ್ತಿರಲಿಲ್ಲ, ಗೊತ್ತಿದ್ದೇ ಅವಳ ಮಾತು ನಿನಗೆ ಕೇಳಿಸಿದೆ" ಎಂದು ಹೇಳಿ. ಅವನು ನಿಮಗೆ ಬೈಯುವುದಿಲ್ಲ. ಚಹಾ ಕೊಡುತ್ತಾನೆ. ಒಳಗೆ ಮಗು ಮಲಗಿರುತ್ತದೆ, ಮೆಲ್ಲಗೆ ಮಾತಾಡಿ.

ಇಂತಿ,
ಈ ಸಲ ಯಾವ ಸದಸ್ಯರ ಪರವಾಗಿಯೂ ಅಲ್ಲದೆ, ತನ್ನೊಬ್ಬಳ ಬಾಯಿಂದ,
ನೊರೀನ್ ಟಲಕ್
ಆಲ್ಟೋನಾ