ಸವಣೂರಿನ ಡೇರೆಯಲ್ಲಿ ಮುಗಿದ ಸಿನಿಮಾ

ನೀಲಕ್ಕಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಈಗ ಕಾಗದ ಬರೆದು ಯಾವ ಡಬ್ಬಿಗೆ ಹಾಕುತ್ತೀಯೇ ಎಂದು ನಗುತ್ತೀಯ, ಗೊತ್ತು. ನಗು. ಹಾನಗಲ್ಲಿನ ಈ ನನ್ನ ಗಂಡನ ಮನೆಯಲ್ಲಿ ಉಣ್ಣುವವರು ಹನ್ನೊಂದು ಜನ, ಮಾತಾಡಲು ನನಗೊಬ್ಬರಿಲ್ಲ. ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಹನ್ನೆರಡು ವರ್ಷದ ಹಿಂದಿನ ದೀಪಾವಳಿ. ಹಿರೇಕೆರೂರಿನ ಗಂಡನ ಮನೆಯಿಂದ ನೀನು ಸವಣೂರಿಗೆ, ತವರಿಗೆ ಬಂದಿದ್ದೆ. ತೋಳಿನ ಮೇಲಿನ ಬರೆಯನ್ನು ಅವ್ವನಿಗೆ ತೋರಿಸಿದೆ. ಅವ್ವ ಅದರ ಮೇಲೆ ಸೆರಗು ಎಳೆದಳು, ಅಷ್ಟೇ. ಆಮೇಲೆ ನಿನ್ನ ಸಮಾಧಾನಕ್ಕೆಂದು ನಮ್ಮಿಬ್ಬರನ್ನೂ ಟೂರಿಂಗ್ ಟಾಕೀಸಿನ ಸಂಜೆಯಾಟಕ್ಕೆ ಕಳಿಸಿದಳು.

ಹೆಂಗಸರ ಕಡೆ ನೆಲದ ಮೇಲೆ ಕುಳಿತು ಶೇಂಗಾ ಸುಲಿಯುತ್ತ ನೋಡಿದೆವು. ಹಾಡು ಕಡಿಮೆ, ಅಳು ಹೆಚ್ಚು. ಹೊಡೆಯುವ ಗಂಡ, ಬಾಯಿಲ್ಲದ ಹೆಂಡತಿ. ಕಡೆಗೊಂದು ದಿನ ಆಕೆ ಬಟ್ಟೆ ಗಂಟು ಕಟ್ಟಿಕೊಂಡು ದೋಣಿ ಹತ್ತುತ್ತಾಳೆ. ತಿರುಗಿ ನೋಡುವುದಿಲ್ಲ. ಅಷ್ಟರಲ್ಲಿ ಡೇರೆಯ ದೀಪ ಹತ್ತಿತು.

“ಏ, ಅರ್ಧಕ್ಕ ಯಾಕ ನಿಲ್ಲಿಸ್ದಿ?” ಎಂದು ಗಂಡಸರು ಗದ್ದಲವೆಬ್ಬಿಸಿದರು. ಡೇರೆಯ ಮಾಲೀಕ ಕೈಮುಗಿದು ನಿಂತ. “ದೇವರ ಆಣಿ ಮಾಡಿ ಹೇಳ್ತೇನಿ, ಸಿನಿಮಾ ಇಷ್ಟ ಐತ್ರಿ. ಮುಗೀತು, ಮನೀಗೆ ನಡೀರಿ.”

ನಾಲ್ಕು ದಿನ ಓಡಿದ ಆ ಸಿನಿಮಾವನ್ನು ನೀನು ನಾಲ್ಕೂ ದಿನ ನೋಡಿದೆ. ಎಷ್ಟೋ ವರ್ಷ ನಮ್ಮೂರ ಹೆಂಗಸರಿಗೆ ಬಾವಿಕಟ್ಟೆಯಲ್ಲಿ ಅದರದೇ ಮಾತು. ಅದೇ ಸಿನಿಮಾ ಓಡಿದ್ದ ಪಕ್ಕದ ಶಿಗ್ಗಾಂವಿಯಲ್ಲಿ ಕೇಳಿದರೆ, ಹಾಂ, ಅಂಥದ್ದೊಂದು ಬಂದಿತ್ತು ಎನ್ನುವವರೂ ಇರಲಿಲ್ಲ.

ನಿನ್ನನ್ನು ಕರೆದೊಯ್ಯಲು ಬಂಡಿ ಬಂದ ಬೆಳಗ್ಗೆ ನೀನು ಒಲೆಯ ಮುಂದಿಂದ ಏಳಲೇ ಇಲ್ಲ. “ಹೋದಾಕಿ ಹೋದ್ಲು ಅಂದ್ರ ಮುಗೀತವ್ವ. ನಾ ಒಲ್ಲೆ,” ಎಂದೆ. ಅವ್ವ ಎದೆ ಬಡಿದುಕೊಂಡಳು. “ಸಿನಿಮಾ ನೋಡಿ ಯಾರರ ಸಂಸಾರ ಮುರಕೋತಾರೇನ? ಸುಮ್ನ ಹೋಗಕ್ಕಾ!” ಎಂದವಳು ನಾನು. ನೀನು ತವರಲ್ಲಿ ಉಳಿದರೆ ನನ್ನ ಮದುವೆ ನಿಲ್ಲುತ್ತದೆಂಬ ಹೆದರಿಕೆ. ಎಂಥ ತಂಗಿ ನೋಡು.

ಮುಂದೆ ನೀನು ಓದಿ, ಹತ್ತಿಮತ್ತೂರಿನ ಶಾಲೆಗೆ ಅಕ್ಕೋರಾಗಿ, ಒಂದು ಕೋಣೆ ಹಿಡಿದೆ. ಅವ್ವ ಆ ಹೊಸ್ತಿಲು ತುಳಿಯಲಿಲ್ಲ. ನಾನು ಬಂದೆ, ಕದ್ದುಮುಚ್ಚಿ. ಉಂಡೆ, ನಿನ್ನ ಹಾಸಿಗೆಯಲ್ಲೇ ಮಲಗಿದೆ. ಆದರೆ ನೀನು ಮಾಡಿದ್ದು ಸರಿ ಎಂಬ ಒಂದು ಮಾತು ನಾನು ಆಡಲಿಲ್ಲ. ನೀನಾಗಿ ಕೇಳಲೂ ಇಲ್ಲ. ಕಾಯುತ್ತಿದ್ದೆಯೇನು?

ಮೊನ್ನೆ ಹುಬ್ಬಳ್ಳಿಯಲ್ಲಿ ಬೆಳಗಿನ ಆಟಕ್ಕೆ ಅದೇ ಸಿನಿಮಾ ಹಾಕಿದ್ದರು. ಒಬ್ಬಳೇ ಹೋದೆ. ಅಕ್ಕಾ, ದೋಣಿಯ ಮುಂದೆ ಇನ್ನೂ ಒಂದು ರೀಲು ಇದೆ! ಆಕೆ ಹೊರಳಿ ಬರುತ್ತಾಳೆ. ಗಂಡನ ಕಾಲಿಗೆ ಬೀಳುತ್ತಾಳೆ. ಅವನು ಎಬ್ಬಿಸಿ ಹಣೆಗೆ ಕುಂಕುಮ ಹಚ್ಚುತ್ತಾನೆ. ಅಂದರೆ ಆ ಡೇರೆಯ ಮಾಲೀಕನಿಗೆ ಕಡೆಯ ರೀಲಿನ ಡಬ್ಬಿ ಬಂದೇ ಇರಲಿಲ್ಲ. ಕೂಗಾಡುವ ಜನರನ್ನು ಮನೆಗೆ ಕಳಿಸಲು ದೇವರ ಆಣೆ ಮಾಡಿದ್ದ, ಪುಣ್ಯಾತ್ಮ.

ಆ ಡಬ್ಬಿ ಬಂದಿದ್ದರೆ ನೀನೂ ಬಂಡಿ ಹತ್ತುತ್ತಿದ್ದೆಯಾ? ಹತ್ತಿದ್ದರೆ…

ಪಕ್ಕದಲ್ಲಿ ಕುಳಿತ ಹೆಂಗಸು ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. “ಛಲೋ ಆತ ನೋಡ್ರಿ. ಕಡೀಕ ಮನೀಗೆ ಬಂದ್ಲು.”

“ಇಲ್ಲರಿ, ಆಕಿ ಬರಲಿಲ್ಲ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. “ಹತ್ತಿಮತ್ತೂರಾಗ ಸಾಲಿ ಕಲಿಸಿದ್ಲು. ಆಕಿ ಮಾಡಿದ್ದ ಸರಿ ಐತಿ. ಆಕಿ ನಮ್ಮ ಅಕ್ಕ.”

ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನಾನು ತಲೆ ತಗ್ಗಿಸಲಿಲ್ಲ, ನೀಲಕ್ಕ.

ನಿನ್ನ ತಂಗಿ,
ಗಂಗೂ